ಓದುಗರ ಪ್ರಶ್ನೆಗಳು: ಸೌದೆ ಒಲೆ ಹಿಡಿತ ಮೀರಿ ಕಾದಾಗ

ಮನೆಯನ್ನು ಬೆಚ್ಚಗಿಡಲು ಬಳಸುವ, ಬಾಗಿಲು ಹಾಗೂ ಹೊಗೆಕೊಳವೆ ಇರುವ ಕಬ್ಬಿಣದ ಸೌದೆ ಒಲೆಗಳ ಬಗ್ಗೆ ಓದುಗರು ಬರೆದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕದ ಸುತ್ತ ಇವೆ: ಒಲೆ ಒಮ್ಮೊಮ್ಮೆ ಮಿತಿಮೀರಿ ಕಾಯುತ್ತದೆ, ಆಗ ಏನು ಮಾಡಬೇಕೆಂದು ತೋಚುವುದಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ತಪ್ಪು ಹೆಜ್ಜೆಯಿಟ್ಟರೆ ಅಪಾಯವಾಗುವ ಪ್ರಶ್ನೆಯನ್ನು ಮೊದಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಲಗುವ ಮುನ್ನ ಒಲೆಯ ತುಂಬ ಸೌದೆ ಒಟ್ಟಿದ್ದೆವು. ಸ್ವಲ್ಪ ಹೊತ್ತಿನಲ್ಲೇ ಉರಿ ಭೋರ್ಗರೆಯತೊಡಗಿತು. ದೀಪ ಆರಿಸಿದ ಕೋಣೆಯಲ್ಲಿ ಹೊಗೆಕೊಳವೆಯ ಬುಡ ಮಂದವಾಗಿ ಕೆಂಪಗೆ ಕಾಣುತ್ತಿತ್ತು. ಬಾಗಿಲು ತೆರೆದು ನೀರು ಹಾಕೋಣ ಎಂದು ಮನೆಯಲ್ಲಿ ಒಬ್ಬರು, ಉರಿಯುವ ಸೌದೆಯನ್ನು ಹೊರಗೆ ತೆಗೆಯೋಣ ಎಂದು ಇನ್ನೊಬ್ಬರು ಹೇಳಿದರು. ಇವುಗಳಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಬಾಗಿಲನ್ನು ಮುಚ್ಚಿಯೇ ಇಡಿ, ಒಲೆಯೊಳಗೆ ಗಾಳಿ ಹೋಗುವ ಕಿಂಡಿಗಳನ್ನು ಮುಚ್ಚಿ, ಬೂದಿತಟ್ಟೆಯ ಬಾಗಿಲು ಸರಿಯಾಗಿ ಕೂತಿದೆಯೇ ಎಂದು ನೋಡಿ. ಉರುವಲು, ಶಾಖ, ಗಾಳಿ ಈ ಮೂರೂ ಸೇರಿದರೆ ಬೆಂಕಿ. ಆ ಕ್ಷಣದಲ್ಲಿ ಸೌದೆ ಆಗಲೇ ಒಳಗಿರುತ್ತದೆ, ಶಾಖ ಆಗಲೇ ಹುಟ್ಟಿರುತ್ತದೆ. ನಿಮ್ಮ ಕೈಯಲ್ಲಿ ಉಳಿದಿರುವುದು ಗಾಳಿ ಒಂದೇ. ಕಿಂಡಿ ಮುಚ್ಚಿದ ಮೇಲೆ ಉರಿ ಬೇಗ ತಗ್ಗಬಹುದು, ಆದರೆ ಕಾದ ಕಬ್ಬಿಣ ಅಷ್ಟು ಬೇಗ ತಣಿಯುವುದಿಲ್ಲ. ಹತ್ತಿಪ್ಪತ್ತು ನಿಮಿಷ ಕಾಯಬೇಕಾಗುತ್ತದೆ. ಕಿಂಡಿ ಮುಚ್ಚಿಯೂ ಪ್ರಯೋಜನವಾಗಲಿಲ್ಲ ಎಂದುಕೊಂಡು ಈ ನಡುವೆ ಬಾಗಿಲಿಗೆ ಕೈ ಹಾಕುವುದರಿಂದಲೇ ಅನೇಕ ಅವಘಡಗಳು ಆಗುತ್ತವೆ.

ನೀರು ಏಕೆ ಬೇಡ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗವನ್ನು ತುಂಬುತ್ತದೆ. ಆ ಆವಿಗೆ ತಕ್ಷಣ ಸಿಗುವ ದಾರಿ ತೆರೆದ ಬಾಗಿಲು, ಅಂದರೆ ನೀರು ಎರಚಿದವರ ಮುಖ ಮತ್ತು ಕೈಗಳು. ಅದರ ಜೊತೆಗೆ ಬಿಸಿ ಬೂದಿಯೂ ಕೆಂಡವೂ ಹಾರಿ ಬರುತ್ತವೆ. ಎರಕದ ಕಬ್ಬಿಣದ ಒಲೆಯಾದರೆ ಹಠಾತ್ತಾಗಿ ತಣಿದ ಭಾಗ ಬಿರುಕು ಬಿಡುತ್ತದೆ, ಬಿರುಕಿನಿಂದ ಬೆಂಕಿಗೆ ಇನ್ನಷ್ಟು ಗಾಳಿ ಸಿಗುತ್ತದೆ. ಉರಿಯುವ ಕೊಳ್ಳಿಯನ್ನು ಹೊರಗೆ ತೆಗೆಯುವುದು ಇದಕ್ಕಿಂತಲೂ ಕೆಟ್ಟ ಯೋಚನೆ. ಒಲೆಯೊಳಗಿದ್ದ ಬೆಂಕಿಯನ್ನು ನೀವೇ ಮನೆಯೊಳಗೆ ಹೊತ್ತು ನಡೆದಂತಾಗುತ್ತದೆ, ಅದು ಉಗುಳುವ ಹೊಗೆಯನ್ನು ಎಳೆದುಕೊಳ್ಳಲು ಅಲ್ಲಿ ಚಿಮಣಿಯೂ ಇರುವುದಿಲ್ಲ.

ಹೊಗೆಕೊಳವೆಯಲ್ಲಿ ತಿರುಗಿಸುವ ತಗಡಿನ ಡ್ಯಾಂಪರ್ ಇದ್ದರೆ ಅದನ್ನು ಸ್ವಲ್ಪ ಮಟ್ಟಿಗೆ ಮುಚ್ಚಬಹುದು, ಆದರೆ ಗಾಳಿಕಿಂಡಿಗಳನ್ನು ಮುಚ್ಚಿದ ಮೇಲೆ ಮಾತ್ರ, ಮತ್ತು ಎಂದಿಗೂ ಪೂರ್ತಿಯಾಗಿ ಅಲ್ಲ. ಮೊದಲೇ ಡ್ಯಾಂಪರನ್ನು ಬಿಗಿದರೆ ಹೊಗೆಯೂ ಅದರೊಂದಿಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಕೋಣೆಯೊಳಗೆ ತಿರುಗುತ್ತವೆ. ಒಲೆಗೆ ಬಿಸಿಗಾಳಿ ಹರಡುವ ಫ್ಯಾನ್ ಜೋಡಿಸಿದ್ದರೆ ಅದನ್ನು ಜೋರಾಗಿ ಓಡಿಸಿ, ಅದು ಒಲೆಯ ಮೈಯಿಂದ ಶಾಖವನ್ನು ಎಳೆದು ಕೋಣೆಗೆ ಹಂಚುತ್ತದೆ. ಹತ್ತಿರದ ಕುರ್ಚಿ, ಬಟ್ಟೆ, ಸೌದೆಯ ಬುಟ್ಟಿಯನ್ನು ದೂರ ಸರಿಸಿ, ಮಕ್ಕಳನ್ನು ಆ ಕೋಣೆಯಿಂದ ಕಳುಹಿಸಿ.

ಗಾಳಿಯನ್ನು ಮುಚ್ಚಿದ ನಂತರವೂ ಒಂದು ಎಚ್ಚರ ಬೇಕು. ಬಿಸಿ ಸೌದೆ ಉರಿಯದೆಯೂ ಅನಿಲಗಳನ್ನು ಬಿಡುತ್ತಲೇ ಇರುತ್ತದೆ, ಅವು ಒಲೆಯೊಳಗೆ ತುಂಬಿಕೊಂಡಿರುವಾಗ ಬಾಗಿಲನ್ನು ಫಕ್ಕನೆ ತೆರೆದರೆ ಗಾಳಿ ನುಗ್ಗಿ ಒಟ್ಟಿಗೇ ಹೊತ್ತಿಕೊಂಡು ಜ್ವಾಲೆ ಹೊರಗೆ ಚಿಮ್ಮುತ್ತದೆ. ಆದ್ದರಿಂದ ಒಲೆ ಚೆನ್ನಾಗಿ ತಣಿದ ಮೇಲೆ ಮೊದಲು ಡ್ಯಾಂಪರನ್ನೂ ಕಿಂಡಿಯನ್ನೂ ಸ್ವಲ್ಪ ತೆರೆಯಿರಿ, ಒಂದೆರಡು ನಿಮಿಷ ಕಾಯಿರಿ, ಬಳಿಕ ಬಾಗಿಲನ್ನು ಬೆರಳಷ್ಟು ಸಂದು ಮಾಡಿ ನಿಲ್ಲಿಸಿ, ಆಮೇಲೆ ಪೂರ್ತಿ ತೆರೆಯಿರಿ.

ಇಷ್ಟೆಲ್ಲ ಹೇಳಿದ್ದು ಬೆಂಕಿ ಒಲೆಯೊಳಗೇ ಇದ್ದಾಗಿನ ಮಾತು. ಕೊಳವೆಯೊಳಗಿಂದ ಭೋರೆಂಬ ಸದ್ದು ನಿಲ್ಲದೆ ಬರುತ್ತಿದ್ದರೆ, ಕೊಳವೆ ನಡುಗುತ್ತಿದ್ದರೆ, ಚಿಮಣಿಯ ತುದಿಯಿಂದ ಕಿಡಿ ಅಥವಾ ಜ್ವಾಲೆ ಹೊರಡುತ್ತಿದ್ದರೆ, ಕೊಳವೆಯ ಒಳಗೋಡೆಗೆ ಅಂಟಿದ್ದ ಮಸಿಯ ಜಿಡ್ಡಿಗೇ ಬೆಂಕಿ ಹಿಡಿದಿದೆ ಎಂದರ್ಥ. ಕ್ರಿಯೋಸೋಟ್ ಎಂದು ಕರೆಯುವ ಈ ಜಿಡ್ಡು ಉರಿಯುವಾಗ ಚಿಮಣಿಯ ಒಳಗಿನ ಉಷ್ಣತೆ 1,000 ಡಿಗ್ರಿ ಸೆಲ್ಸಿಯಸ್ಸನ್ನೂ ದಾಟಬಹುದು. ಕಿಂಡಿಗಳನ್ನು ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಸದ್ದು ತಾನಾಗಿ ಅಡಗಿದರೂ ಕರೆ ಮಾಡಬೇಕು, ಏಕೆಂದರೆ ಅಟ್ಟದ ಮರಕ್ಕೆ ತಗುಲಿದ ಬೆಂಕಿ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಇನ್ನು, ನಿಮ್ಮ ಒಲೆ ಏಕೆ ಹಾಗಾಯಿತು ಎಂಬುದಕ್ಕೆ ಉತ್ತರ ನಿಮ್ಮ ಪತ್ರದ ಮೊದಲ ವಾಕ್ಯದಲ್ಲೇ ಇದೆ. ಒಣಗಿದ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಶಾಖ ತಗುಲಿದಾಗ ಅನಿಲ ಮತ್ತು ಆವಿಯ ರೂಪದಲ್ಲಿ ಹೊರಬರುತ್ತದೆ. ನಾವು ಜ್ವಾಲೆಯಾಗಿ ಕಾಣುವುದು ಆ ಅನಿಲ ಉರಿಯುವುದನ್ನೇ. ಕೆಂಡ ಹರಡಿಕೊಂಡ ಕಾದ ಒಲೆಗೆ ಒಂದೇ ಸಲ ಬಾಯಿತುಂಬ ಸೌದೆ ಒಟ್ಟಿದಾಗ ಎಲ್ಲ ತುಂಡುಗಳೂ ಒಟ್ಟಿಗೇ ಅನಿಲ ಬಿಡಲಾರಂಭಿಸುತ್ತವೆ, ಶಾಖ ಏರಿದಷ್ಟೂ ಅನಿಲ ಹೆಚ್ಚುತ್ತದೆ, ಅನಿಲ ಹೆಚ್ಚಿದಷ್ಟೂ ಶಾಖ ಏರುತ್ತದೆ, ಕೊಳವೆ ಕಾದಷ್ಟೂ ಚಿಮಣಿಯ ಸೆಳೆತ ಬಲವಾಗಿ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಈ ಸುತ್ತು ಒಮ್ಮೆ ಆರಂಭವಾದರೆ ಅದನ್ನು ತಡೆಯುವುದು ಕಷ್ಟ. ಸೌದೆ ಒಟ್ಟುವ ಕೈಯೇ ಒಲೆಯ ನಿಜವಾದ ನಿಯಂತ್ರಣ ಎಂದು ನಾನು ನಂಬುತ್ತೇನೆ. ಕಿಂಡಿ ಆಮೇಲಿನ ತಿದ್ದುಪಡಿ ಮಾತ್ರ. ಕೆಂಡ ಹೆಚ್ಚಾಗಿದ್ದರೆ ಎರಡು ಮೂರು ದಪ್ಪ ತುಂಡುಗಳಷ್ಟನ್ನೇ ಇಡಿ, ಅವುಗಳನ್ನು ಒತ್ತೊತ್ತಾಗಿ ಜೋಡಿಸಿ, ಸಣ್ಣ ಚಕ್ಕೆಗಳನ್ನು ಅವುಗಳ ನಡುವೆ ತುರುಕಬೇಡಿ. ಹೊಸ ಸೌದೆಗೆ ಉರಿ ಹತ್ತಿದ ಕೂಡಲೇ ಗಾಳಿಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ಬನ್ನಿ, ಒಲೆ ಪೂರ್ತಿ ಕಾಯಲಿ ಎಂದು ಕಾದು ಕೂರಬೇಡಿ.

ಪ್ರಶ್ನೆ: ನಮ್ಮದು ಹಳೆಯ ಒಲೆ. ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿದರೂ ಉರಿ ಇಳಿಯುವುದಿಲ್ಲ. ಚಳಿ ಹೆಚ್ಚಿದ ರಾತ್ರಿಗಳಲ್ಲಂತೂ ಸಣ್ಣ ಒಟ್ಟಿಗೂ ಒಲೆ ವಿಪರೀತ ಕಾಯುತ್ತದೆ.

ಉತ್ತರ: ಕಿಂಡಿ ಮುಚ್ಚಿಯೂ ಬೆಂಕಿ ಬಲವಾಗಿ ಉರಿಯುತ್ತಿದೆ ಎಂದರೆ ಗಾಳಿ ಬೇರೆ ದಾರಿಯಿಂದ ಒಳಗೆ ಹೋಗುತ್ತಿದೆ. ಮೊದಲ ಅನುಮಾನ ಬಾಗಿಲಿನ ಅಂಚಿನಲ್ಲಿರುವ ಹಗ್ಗದಂಥ ಗ್ಯಾಸ್ಕೆಟ್ ಮೇಲೆ. ಒಲೆ ಪೂರ್ತಿ ತಣ್ಣಗಿರುವಾಗ ಒಂದು ಕಾಗದದ ಪಟ್ಟಿಯನ್ನು ಬಾಗಿಲಿನ ಸಂದಿನಲ್ಲಿಟ್ಟು ಮುಚ್ಚಿ, ಎಳೆದು ನೋಡಿ. ಬಿಗಿಯಾಗಿ ಹಿಡಿದಿದ್ದರೆ ಸರಿ, ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಗಾಳಿ ಸೋರುತ್ತಿದೆ. ಬಾಗಿಲಿನ ನಾಲ್ಕೂ ಬದಿಯಲ್ಲಿ, ಕೀಲಿನ ಕಡೆಯಲ್ಲಿಯೂ, ಹೀಗೆ ಪರೀಕ್ಷಿಸಬೇಕು. ಕೋಣೆ ಕತ್ತಲು ಮಾಡಿ ಒಲೆಯೊಳಗೆ ಟಾರ್ಚ್ ಹೊತ್ತಿಸಿಟ್ಟು ಬಾಗಿಲು ಮುಚ್ಚಿದರೆ ಬೆಸುಗೆ ಮತ್ತು ಜೋಡಣೆಗಳಲ್ಲಿ ಬಿಟ್ಟ ಬಿರುಕಿನಿಂದ ಬೆಳಕು ಹೊರಗೆ ಕಾಣುತ್ತದೆ. ಇದು ಸುಲಭವಾದ, ನಂಬಬಹುದಾದ ಪರೀಕ್ಷೆ.

ಎರಡನೆಯದು, ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಗಂಭೀರವಾದದ್ದು, ಬೂದಿತಟ್ಟೆಯ ಬಾಗಿಲು. ಮೇಲಿನ ಬಾಗಿಲಿನ ಸೋರಿಕೆ ಸೌದೆಯ ಮುಂಭಾಗಕ್ಕೆ ಗಾಳಿ ಕೊಟ್ಟರೆ, ಕೆಳಗಿನ ಬಾಗಿಲಿನ ಸೋರಿಕೆ ಜಾಲರಿಯ ಅಡಿಯಿಂದ ನೇರವಾಗಿ ಕೆಂಡದ ಹೊಟ್ಟೆಗೆ ಊದುತ್ತದೆ, ಕುಲುಮೆಯ ತಿದಿ ಊದುವಂತೆ. ಬೆಂಕಿ ಹೊತ್ತಿಸುವಾಗ ಬೇಗ ಹತ್ತಲಿ ಎಂದು ಬೂದಿತಟ್ಟೆಯನ್ನು ಸ್ವಲ್ಪ ಹೊರಗೆಳೆದಿಡುವ ರೂಢಿ ಅನೇಕರಲ್ಲಿದೆ, ಅದನ್ನು ಮರೆತು ಎದ್ದು ಹೋದರೆ ಕೆಲವೇ ನಿಮಿಷಗಳಲ್ಲಿ ಜಾಲರಿ ಕೆಂಪೇರಿ ಬಾಗಬಹುದು. ದಯವಿಟ್ಟು ಈ ರೂಢಿಯನ್ನು ಬಿಡಿ. ಹೊತ್ತಿಸಲು ಸಣ್ಣ, ಒಣ ಪುರಲೆ ಸಾಕು.

ಗ್ಯಾಸ್ಕೆಟ್ ಬದಲಾಯಿಸುವಾಗ ಒಲೆ ತಯಾರಕರು ಹೇಳಿದ ದಪ್ಪದ ಹಗ್ಗವನ್ನೇ ಬಳಸಬೇಕು. ದಪ್ಪ ಹೆಚ್ಚಾದರೆ ಬಾಗಿಲು ಕೂರುವುದಿಲ್ಲ, ಕಡಿಮೆಯಾದರೆ ಸೋರಿಕೆ ನಿಲ್ಲುವುದಿಲ್ಲ. ಬಹಳ ಹಳೆಯ ಒಲೆಯಾದರೆ ಅದರ ಹಗ್ಗದಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆಯಿದೆ. ಅದನ್ನು ಒಣಗಿದ ಸ್ಥಿತಿಯಲ್ಲಿ ಕೆರೆದು ಧೂಳೆಬ್ಬಿಸಬಾರದು, ತಿಳಿದವರ ಕೈಯಲ್ಲಿ ತೆಗೆಸಿ.

ಚಳಿಯ ರಾತ್ರಿಗಳಲ್ಲಿ ತೊಂದರೆ ಹೆಚ್ಚುತ್ತದೆ ಎಂದಿದ್ದೀರಿ, ಅದು ಸರಿಯಾದ ಗಮನಿಕೆ. ಕೊಳವೆಯೊಳಗಿನ ಬಿಸಿ ಅನಿಲ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರವಾಗಿರುವುದರಿಂದಲೇ ಚಿಮಣಿ ಸೆಳೆಯುತ್ತದೆ. ಒಳಗೂ ಹೊರಗೂ ಉಷ್ಣತೆಯ ಅಂತರ ಹೆಚ್ಚಿದಷ್ಟೂ, ಚಿಮಣಿ ಎತ್ತರವಾದಷ್ಟೂ, ಸೆಳೆತ ಹೆಚ್ಚುತ್ತದೆ. ಮನೆಯ ಒಲೆಗಳನ್ನು ಸಾಮಾನ್ಯವಾಗಿ, ಒತ್ತಡವನ್ನು ಅಳೆಯುವ ಮಾನದಲ್ಲಿ, 12 ಪ್ಯಾಸ್ಕಲ್‌ನಷ್ಟು ಸೆಳೆತವನ್ನು ಎಣಿಸಿ ಪರೀಕ್ಷಿಸಿರುತ್ತಾರೆ. ಎತ್ತರದ ಚಿಮಣಿ ಚಳಿಯಲ್ಲಿ ಅದರ ಎರಡು ಪಟ್ಟು ಸೆಳೆಯಬಲ್ಲದು, ಆಗ ಕಿಂಡಿಯ ಸಣ್ಣ ಸಂದಿನಿಂದಲೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ನುಗ್ಗುತ್ತದೆ. ಸೋರಿಕೆಗಳನ್ನೆಲ್ಲ ಸರಿಪಡಿಸಿದ ಮೇಲೂ ತೊಂದರೆ ಉಳಿದರೆ ತಂತ್ರಜ್ಞರಿಂದ ಸೆಳೆತವನ್ನು ಅಳೆಸಿ, ಅಗತ್ಯವಿದ್ದರೆ ಕೊಳವೆಗೆ ಡ್ಯಾಂಪರ್ ಹಾಕಿಸಿ. ಹೊಸ ಮಾದರಿಯ ಒಲೆಗಳಲ್ಲಿ ಮೇಲ್ಭಾಗದ ಸಣ್ಣ ರಂಧ್ರಗಳಿಂದ ಹೊಗೆಯನ್ನು ಸುಡಲು ಬೇಕಾದ ಗಾಳಿ ಸದಾ ಬರುತ್ತಿರುತ್ತದೆ, ಅವನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಅಂಥ ಒಲೆಯಲ್ಲಿ ಕಿಂಡಿ ಮುಚ್ಚಿದರೂ ಉರಿ ಪೂರ್ತಿ ನಿಲ್ಲದಿರುವುದು ದೋಷವಲ್ಲ. ಹಾಗೆಂದು ಆ ರಂಧ್ರಗಳನ್ನು ಮಣ್ಣಿನಿಂದಲೋ ತಗಡಿನಿಂದಲೋ ಶಾಶ್ವತವಾಗಿ ಮುಚ್ಚಬಾರದು.

ಪ್ರಶ್ನೆ: ಒಲೆ ಎಷ್ಟು ಕಾದರೆ ಅತಿಯಾಯಿತು ಎಂದು ಹೇಗೆ ತಿಳಿಯುವುದು? ಕೈಯಿಟ್ಟು ನೋಡುವಂತಿಲ್ಲವಲ್ಲ.

ಉತ್ತರ: ಊಹೆಯ ಮೇಲೆ ಒಲೆ ನಡೆಸುವುದನ್ನು ಇಂದೇ ನಿಲ್ಲಿಸಿ. ಅಯಸ್ಕಾಂತದ ಬೆನ್ನುಳ್ಳ ಒಲೆ ಥರ್ಮಾಮೀಟರ್ ಸಿಗುತ್ತದೆ, ಅದನ್ನು ಒಂದೇ ಪದರದ ಹೊಗೆಕೊಳವೆಯ ಮೇಲೆ, ಒಲೆಯ ಮೈಯಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿ ಅಂಟಿಸಿ. ಇಂಥ ಮಾಪಕಗಳ ಮೇಲೆ ಸಾಮಾನ್ಯವಾಗಿ 115ರಿಂದ 245 ಡಿಗ್ರಿ ಸೆಲ್ಸಿಯಸ್‌ವರೆಗಿನ ಭಾಗವನ್ನು ಸರಿಯಾದ ವಲಯವೆಂದು ಗುರುತಿಸಿರುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಕೊಳವೆಯಲ್ಲಿ ಜಿಡ್ಡು ಕಟ್ಟುತ್ತದೆ, ಮೇಲೇರಿದರೆ ಅತಿಶಾಖ. ಕೊಳವೆಯ ಹೊರಮೈಗಿಂತ ಒಳಗಿನ ಅನಿಲ ಬಹಳ ಹೆಚ್ಚು ಬಿಸಿಯಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಎರಡು ಪದರದ ಕೊಳವೆಯಾದರೆ ಹೊರಮೈಯ ಅಳತೆಗೆ ಅರ್ಥವಿಲ್ಲ, ಒಳಕ್ಕೆ ಸೂಜಿ ಇಳಿಯುವ ಮಾಪಕವೇ ಬೇಕು. ಒಲೆಯ ಮೇಲ್ಮೈಗೆ ಎಲ್ಲ ಒಲೆಗೂ ಸಲ್ಲುವ ಒಂದೇ ಮಿತಿಯನ್ನು ಹೇಳಲಾಗದು. 200ರಿಂದ 350 ಡಿಗ್ರಿ ಹಲವು ಒಲೆಗಳಿಗೆ ಸಹಜ, ಆದರೆ ನಿಮ್ಮ ಒಲೆಯ ಕೈಪಿಡಿ ಹೇಳುವ ಅಂಕಿಯೇ ಕೊನೆಯ ಮಾತು.

ಮಾಪಕದ ಮುಳ್ಳು ನಿಜವಾದ ಶಾಖಕ್ಕಿಂತ ಸ್ವಲ್ಪ ಹಿಂದೆಯೇ ಇರುತ್ತದೆ. ಆದ್ದರಿಂದ ಅಂಕಿಗಿಂತ ಅದು ಏರುವ ವೇಗವನ್ನು ಗಮನಿಸಿ. ಮುಳ್ಳು ನೋಡನೋಡುತ್ತಲೇ ಮೇಲೇರುತ್ತಿದ್ದರೆ ಮಿತಿ ಮುಟ್ಟುವವರೆಗೆ ಕಾಯದೆ ಗಾಳಿಯನ್ನು ಕಡಿಮೆ ಮಾಡಿ. ಕಬ್ಬಿಣ ಕೆಂಪಗೆ ಕಂಡರಂತೂ ಮಾಪಕದ ಅಗತ್ಯವೇ ಇಲ್ಲ: ಕತ್ತಲಲ್ಲಿ ಮಂದವಾದ ಕೆಂಪು ಕಾಣಬೇಕಾದರೂ ಲೋಹ ಸುಮಾರು 525 ಡಿಗ್ರಿ ಕಾದಿರಬೇಕು, ಬೆಳಕಿರುವ ಕೋಣೆಯಲ್ಲೂ ಕೆಂಪು ಕಂಡರೆ ಅದಕ್ಕಿಂತ ಹೆಚ್ಚು.

ಪ್ರಶ್ನೆ: ಒಲೆ ಸರಿಯಾಗಿಯೇ ಇದೆ, ಆದರೆ ಕೋಣೆ ತಡೆಯಲಾಗದಷ್ಟು ಬಿಸಿಯಾಗುತ್ತದೆ. ಕಿಂಡಿ ಮುಚ್ಚಿ ಸೌದೆ ನಿಧಾನವಾಗಿ ಹೊಗೆಯಾಡುವಂತೆ ಮಾಡಬಹುದೇ?

ಉತ್ತರ: ಬೇಡ. ಹೊಗೆಯಾಡುವ ಸೌದೆ ಬಿಡುವ ಅರೆಬೆಂದ ಅನಿಲವೇ ತಣ್ಣನೆಯ ಕೊಳವೆಯಲ್ಲಿ ಜಿಡ್ಡಾಗಿ ಅಂಟುತ್ತದೆ, ಇಂದು ಕೋಣೆಯ ಸೆಕೆ ತಪ್ಪಿಸಲು ಮಾಡಿದ್ದು ಮುಂದೆ ಚಿಮಣಿಯ ಬೆಂಕಿಗೆ ಕಾರಣವಾಗುತ್ತದೆ. ಒಲೆ ಕೋಣೆಗೆ ದೊಡ್ಡದಾಗಿದೆ ಎಂದು ತೋರುತ್ತದೆ. ಕಡಿಮೆ ಸೌದೆ ಇಟ್ಟು ಚುರುಕಾಗಿ ಉರಿಸಿ, ಆರಲು ಬಿಟ್ಟು, ಬೇಕೆನಿಸಿದಾಗ ಮತ್ತೆ ಹೊತ್ತಿಸಿ. ಶಾಖವನ್ನು ಪಕ್ಕದ ಕೋಣೆಗಳಿಗೆ ಹಂಚಬೇಕಾದರೆ ಫ್ಯಾನನ್ನು ಒಲೆಯ ಬಳಿ ಇಡುವುದಕ್ಕಿಂತ ತಣ್ಣಗಿರುವ ಕೋಣೆಯ ನೆಲದ ಮೇಲೆ ಇಟ್ಟು ಒಲೆಯ ಕಡೆಗೆ ತಿರುಗಿಸಿ. ತಣ್ಣನೆಯ ಗಾಳಿ ಕೆಳಗಿನಿಂದ ಬಂದಂತೆ ಬಿಸಿಗಾಳಿ ಬಾಗಿಲಿನ ಮೇಲ್ಭಾಗದಿಂದ ಆ ಕಡೆ ಸಾಗುತ್ತದೆ.

ಪ್ರಶ್ನೆ: ಒಮ್ಮೆ ವಿಪರೀತ ಕಾದ ಮೇಲೆ ಒಲೆಯ ಕಪ್ಪು ಬಣ್ಣ ಬೂದು ಬಿಳಿಗೆ ತಿರುಗಿದೆ. ಒಲೆಯ ಹಿಂದಿನ ಮರದ ಹಲಗೆಯ ಗೋಡೆಯೂ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಒಲೆಯನ್ನು ಮತ್ತೆ ಬಳಸಬಹುದೇ?

ಉತ್ತರ: ಪರೀಕ್ಷಿಸುವವರೆಗೆ ಬಳಸಬೇಡಿ. ಒಲೆಗೆ ಬಳಿಯುವ ಬಣ್ಣ ಹೆಚ್ಚಿನ ಶಾಖವನ್ನು ತಡೆಯಲೆಂದೇ ಮಾಡಿದ್ದು, ಅದೂ ಬಿಳಿಚಿದೆ ಎಂದರೆ ಆ ಭಾಗ ಮಿತಿ ಮೀರಿದೆ. ಒಳಗೆ ಬೆಂಕಿಯ ಮೇಲ್ಗಡೆ ಅಡ್ಡಲಾಗಿರುವ ತಡೆತಗಡು ಬಾಗಿದೆಯೇ, ಬದಿಯ ಶಾಖನಿರೋಧಕ ಇಟ್ಟಿಗೆಗಳು ಒಡೆದು ಉದುರಿವೆಯೇ, ಜಾಲರಿ ಸೊಟ್ಟಗಾಗಿದೆಯೇ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರುತ್ತದೆಯೇ ಎಂದು ನೋಡಿ. ಇಟ್ಟಿಗೆಯಲ್ಲಿ ಕೂದಲೆಳೆಯಂಥ ಬಿರುಕು ಇದ್ದು ಅದು ಜಾಗದಲ್ಲೇ ನಿಂತಿದ್ದರೆ ಚಿಂತೆಯಿಲ್ಲ, ಆದರೆ ಒಲೆಯ ಲೋಹದಲ್ಲೇ ಬಿರುಕು ಬಿಟ್ಟಿದ್ದರೆ ತಜ್ಞರು ನೋಡದೆ ಒಂದು ಕಡ್ಡಿಯನ್ನೂ ಅದರಲ್ಲಿ ಹೊತ್ತಿಸಬೇಡಿ. ಚಿಮಣಿಯನ್ನೂ ಬುಡದಿಂದ ತುದಿಯವರೆಗೆ ಗುಡಿಸಿ ಪರೀಕ್ಷಿಸಿಕೊಳ್ಳಿ.

ಗೋಡೆಯ ವಿಷಯ ನನಗೆ ಒಲೆಗಿಂತಲೂ ಹೆಚ್ಚು ಕಳವಳ ತಂದಿದೆ. ಮರ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮತ್ತೆ ಮತ್ತೆ ಬಿಸಿಯಾದರೆ ಒಳಗೊಳಗೇ ಕರಿಕಾಗುತ್ತಾ ಬಂದು, ಹೊಸ ಮರಕ್ಕೆ ಬೆಂಕಿ ಹಿಡಿಯಲು ಬೇಕಾದ ಶಾಖಕ್ಕಿಂತ ಬಹಳ ಕಡಿಮೆ ಶಾಖದಲ್ಲೇ ಹೊತ್ತಿಕೊಳ್ಳಬಲ್ಲದು. ಇಷ್ಟು ವರ್ಷ ಏನೂ ಆಗಿಲ್ಲ ಎಂಬುದು ಇಲ್ಲಿ ಧೈರ್ಯದ ಮಾತಾಗದು. ಪರೀಕ್ಷಿಸಿ ಪ್ರಮಾಣೀಕರಿಸದ ಒಲೆಗೂ ಉರಿಯಬಲ್ಲ ವಸ್ತುವಿಗೂ ನಡುವೆ ಸುಮಾರು 90 ಸೆಂಟಿಮೀಟರ್ ಅಂತರ ಇರಬೇಕೆಂಬುದು ವ್ಯಾಪಕವಾಗಿ ಪಾಲಿಸುವ ಕ್ರಮ. ಅಷ್ಟು ಜಾಗವಿಲ್ಲದಿದ್ದರೆ ಗೋಡೆಯಿಂದ ಒಂದಿಂಚಿನಷ್ಟು ಬಿಟ್ಟು, ಮೇಲೆ ಕೆಳಗೆ ಗಾಳಿಯಾಡುವಂತೆ, ತಗಡಿನ ಶಾಖತಡೆ ಕಟ್ಟಿಸಿ. ತಗಡನ್ನು ನೇರವಾಗಿ ಗೋಡೆಗೆ ಬಡಿದರೆ ಅದು ಶಾಖವನ್ನು ಮರಕ್ಕೇ ದಾಟಿಸುತ್ತದೆ, ಉಪಯೋಗವಿಲ್ಲ.

ಪ್ರಶ್ನೆ: ಮನೆಯಲ್ಲಿ ಹಳೆಯ ಪೀಠೋಪಕರಣಗಳ ಹಲಗೆಗಳು ಬಹಳ ಇವೆ. ಚೆನ್ನಾಗಿ ಒಣಗಿವೆ, ಒಲೆಗೆ ಹಾಕಬಹುದೇ?

ಉತ್ತರ: ಬಣ್ಣ ಅಥವಾ ವಾರ್ನಿಷ್ ಬಳಿದದ್ದು, ಪ್ಲೈವುಡ್, ಗೆದ್ದಲು ನಿರೋಧಕ ಔಷಧ ಹೊಡೆದ ಮರ, ಇವು ಯಾವುವನ್ನೂ ಹಾಕಬೇಡಿ, ಅವುಗಳ ಹೊಗೆಯೂ ಬೂದಿಯೂ ವಿಷ. ಬರೀ ಮರದ ಹಲಗೆಯಾದರೂ ತೆಳ್ಳಗಿದ್ದು ವಿಪರೀತ ಒಣಗಿರುವುದರಿಂದ ಕ್ಷಣದಲ್ಲಿ ಧಗಧಗಿಸುತ್ತದೆ. ಒಲೆಗೆ ಒಳ್ಳೆಯ ಸೌದೆಯ ತೇವಾಂಶ 20 ಶೇಕಡಾಕ್ಕಿಂತ ಕಡಿಮೆ ಇರಬೇಕು, ಆದರೆ ಮನೆಯೊಳಗೆ ವರ್ಷಗಳ ಕಾಲ ಇದ್ದ ಹಲಗೆಯಲ್ಲಿ ಅದು ಅದರ ಅರ್ಧವೂ ಇರದೆ ಹೋಗಬಹುದು. ಬೆಂಕಿ ಹೊತ್ತಿಸಲು ಒಂದೆರಡು ಚೂರು ಬಳಸಿ, ಒಲೆ ತುಂಬಲು ಬಳಸಬೇಡಿ. ಉರಿ ತಗ್ಗಲೆಂದು ಹಸಿ ಸೌದೆಯನ್ನು ಬೆರೆಸುವುದೂ ಪರಿಹಾರವಲ್ಲ, ಅದರಿಂದ ಜಿಡ್ಡು ಮಾತ್ರ ಹೆಚ್ಚುತ್ತದೆ.

ಪ್ರಶ್ನೆ: ಹಾಗಾದರೆ ರಾತ್ರಿ ಒಲೆ ಉರಿಯುತ್ತಿರುವಾಗ ಮಲಗುವುದೇ ತಪ್ಪೇ?

ಉತ್ತರ: ತಪ್ಪಲ್ಲ, ಆದರೆ ಕೊನೆಯ ಸೌದೆಯನ್ನು ಮಲಗುವ ಹೊತ್ತಿಗೆ ಹಾಕುವುದು ತಪ್ಪು. ಮುಕ್ಕಾಲು ಗಂಟೆ ಮೊದಲೇ ಹಾಕಿ, ಮಾಪಕದ ಮುಳ್ಳು ಏರುವುದನ್ನು ನಿಲ್ಲಿಸಿ ಇಳಿಯಲು ಆರಂಭಿಸುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಾಸಿಗೆಗೆ ಹೋಗಿ. ಹೊಗೆಯ ಅಲಾರಂ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಬೇಕು, ಏಕೆಂದರೆ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ನಿದ್ದೆಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ. ಎಚ್ಚರವಿದ್ದಾಗ ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕಾರಣ ಹುಡುಕುತ್ತಾ ಒಳಗೆ ನಿಲ್ಲದೆ ಹೊರಗೆ ಬಂದು ಸಹಾಯಕ್ಕೆ ಕರೆಯಿರಿ. ಮಲಗುವ ಕೋಣೆಯ ಹತ್ತಿರ ಒಂದು ಅಲಾರಂ, ಒಲೆಯಿರುವ ಕೋಣೆಯಲ್ಲಿ ಇನ್ನೊಂದು ಇರಲಿ; ಅವುಗಳ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಒಲೆ ಉರಿಯುವಾಗ ಓಡಿಸಬೇಕಾದರೆ ಒಂದು ಕಿಟಕಿಯನ್ನು ಸ್ವಲ್ಪ ತೆರೆದಿಡಿ, ಇಲ್ಲವಾದರೆ ಆ ಫ್ಯಾನ್ ಚಿಮಣಿಯ ಹೊಗೆಯನ್ನೇ ಮನೆಯೊಳಕ್ಕೆ ಎಳೆಯಬಹುದು.